ಬುಧವಾರ, ಶನಿವಾರದ ರಸ್ತೆ

ರಸ್ತೆ ಬಂದ್ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ತಾಳವಾಡಿ, ಹಾಸನೂರು ಕಡೆಯವರಿಗೆ ಮೊದಲು ನೆನಪಾಗುವುದು ದಿಂಬಂ ಘಾಟಿ. ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳು ಕಣ್ಣಮುಂದೆ ಬರುತ್ತವೆ. ವಯನಾಡಿನ ಕೇಳುಗರಿಗಾದರೆ ಬಂಡೀಪುರದ ಗೇಟು. ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡಬಾರದೆಂಬ ನಿಯಮ ಬಂದದ್ದು 2009ರಲ್ಲಿ. ನಮ್ಮ ದಿಂಬಂನಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿದ್ದದ್ದು 2022ರ ಫೆಬ್ರವರಿಯಲ್ಲಿ, ಮದ್ರಾಸ್ ಹೈಕೋರ್ಟಿನ ಆದೇಶದಂತೆ. ರೈತರೂ ವ್ಯಾಪಾರಿಗಳೂ ಆಗ ಅಂಗಡಿ ಮುಚ್ಚಿ ಬೀದಿಗಿಳಿದದ್ದನ್ನು ತಾವು ಮರೆತಿರಲಾರಿರಿ.

ನಾನು ಇಂದು ಹೇಳಹೊರಟಿರುವುದೂ ಬಂದ್ ಆಗುವ ಒಂದು ರಸ್ತೆಯ ವಿಷಯವೇ. ಆದರೆ ಅದು ರಾತ್ರಿಯಲ್ಲ, ಹಾಡಹಗಲು ಬಂದ್ ಆಗುತ್ತದೆ. ಜುಲೈ, ಆಗಸ್ಟ್ ಎರಡು ತಿಂಗಳು, ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶನಿವಾರ, ಬೆಳಿಗ್ಗೆ 9ರಿಂದ ಸಾಯಂಕಾಲ 5ರವರೆಗೆ ಮೋಟಾರು ವಾಹನ ಅಲ್ಲಿ ಓಡುವಂತಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ಅದು ಕಾಲ್ನಡಿಗೆಯವರದು ಮತ್ತು ಸೈಕಲ್ಲಿನವರದು. ಡಾಂಬರು ಕಾಣದ, ಜಲ್ಲಿ ಮಣ್ಣಿನ ರಸ್ತೆ. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ, ಬೆಟ್ಟದ ನೆತ್ತಿಯ ಉದ್ದಕ್ಕೂ ಸುಮಾರು 35 ಕಿಲೋಮೀಟರು ಹೋಗುತ್ತದೆ. ಹೆಸರು ಅಸ್ಸಿಯೆತ್ತ ರಸ್ತೆ. ಇರುವುದು ಇಟಲಿ ದೇಶದಲ್ಲಿ, ಫ್ರಾನ್ಸಿನ ಗಡಿಗೆ ಹತ್ತಿರ, ಆಲ್ಪ್ಸ್ ಪರ್ವತದ ಪಡುವಣ ಮಗ್ಗುಲಲ್ಲಿ.

ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಓದಿದ್ದು ಮೆಟ್ರಿಕ್ಕು, ದುಡಿದದ್ದು ಬ್ಯಾಂಕಿನ ಗುಮಾಸ್ತಿಕೆ. ಚಲನ್ ತಮಿಳಿನಲ್ಲಿ, ಮಾತು ಕನ್ನಡದಲ್ಲಿ, ಮೇಲಧಿಕಾರಿಗೆ ಕಾಗದ ಇಂಗ್ಲಿಷಿನಲ್ಲಿ. ಹೀಗೆ ಮೂರು ಭಾಷೆಯ ಕೌಂಟರಿನಲ್ಲಿ ಕೂತು ಕೂದಲು ಹಣ್ಣಾಯಿತು. ಶಾಖೆಗೆ ಹೋಗಿಬರುತ್ತಿದ್ದದ್ದು ಸೈಕಲ್ಲಿನಲ್ಲಿ. ಮಗಳು ಅಳಿಯ ಇಟಲಿಯ ತೊರಿನೊ ಪಟ್ಟಣದಲ್ಲಿದ್ದಾರೆ. ನಾವು ಟ್ಯೂರಿನ್ ಎನ್ನುತ್ತೇವಲ್ಲ, ಫಿಯಟ್ ಕಾರಿನ ಊರು, ಅದೇ. 2025ರ ಜುಲೈಯಲ್ಲಿ ಅವರ ಮನೆಯಲ್ಲಿದ್ದಾಗ ಈ ರಸ್ತೆಯನ್ನು ಕಂಡು ಬಂದೆ. ಕಂಡದ್ದರ ಜೊತೆಗೆ, ಕೇಳಿ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಸೈಕಲ್ಲಿನ ಮಾತು. ಯೂರೋಪು, ಅಮೆರಿಕಗಳಲ್ಲಿ ಈಗ ಜಲ್ಲಿ ರಸ್ತೆಗೆಂದೇ ಒಂದು ಜಾತಿಯ ಸೈಕಲ್ಲು ಬಂದಿದೆ. ಗ್ರಾವೆಲ್ ಬೈಕ್ ಎನ್ನುತ್ತಾರೆ. ಹ್ಯಾಂಡಲ್ಲು ರೇಸ್ ಸೈಕಲ್ಲಿನದರಂತೆ, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿರುತ್ತದೆ. ಟೈರು ಮಾತ್ರ ರೇಸಿನದಕ್ಕಿಂತ ದಪ್ಪ, ಸಾಧಾರಣವಾಗಿ 40 ಮಿಲಿಮೀಟರು ಅಗಲ. ಗಾಳಿ ಕಡಿಮೆ ಹಾಕುತ್ತಾರೆ. ಕಲ್ಲಿನ ಮೇಲೆ ಟೈರು ಸ್ವಲ್ಪ ಮೆತ್ತಗೆ ಕೂತರೆ ಹಿಡಿತ ಬರುತ್ತದೆ, ಸೊಂಟಕ್ಕೂ ಸುಖ. ಅನೇಕದರಲ್ಲಿ ಒಳಗೆ ಟ್ಯೂಬೇ ಇಲ್ಲ. ಹಾಲಿನಂಥ ಒಂದು ದ್ರವ ಹಾಕಿರುತ್ತಾರೆ. ಮುಳ್ಳು ಚುಚ್ಚಿದರೆ ಅದೇ ಹೋಗಿ ತೂತು ಮುಚ್ಚುತ್ತದೆ. ಬ್ರೇಕು ಮೋಟಾರು ಸೈಕಲ್ಲಿಗಿರುವ ಹಾಗೆ ಡಿಸ್ಕ್ ಬ್ರೇಕು.

ಈ 40 ಮಿಲಿಮೀಟರಿನ ಲೆಕ್ಕ ಕೇಳಿ ನನಗೆ ನಗು ಬಂತು. ನಮ್ಮ ಕಾಲದ ಕರಿಯ ಸೈಕಲ್ಲಿನ ಟೈರಿನ ಮೇಲೆ 28 ಗುಣಿಸು ಒಂದೂವರೆ ಎಂದು ಬರೆದಿರುತ್ತಿತ್ತಲ್ಲವೇ? ಒಂದೂವರೆ ಇಂಚು ಎಂದರೆ 38 ಮಿಲಿಮೀಟರು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು, ಇಷ್ಟನ್ನೂ ಹೊತ್ತು ಕಲ್ಲುಹಾದಿಯಲ್ಲಿ ನಾವು ತುಳಿದ ಟೈರಿನ ಅಗಲಕ್ಕೇ, ಎಷ್ಟೋ ಸಂಶೋಧನೆಯಾದ ಮೇಲೆ, ದೊಡ್ಡ ದೇಶದವರೂ ಬಂದು ನಿಂತಿದ್ದಾರೆ. ನಮಗೆ ಇಲ್ಲದಿದ್ದದ್ದು ಗೇರು ಮತ್ತು ಆ ಬ್ರೇಕು. ಕಂಬಿ ಬ್ರೇಕು ನಂಬಿಕೊಂಡು ಘಾಟಿ ಇಳಿದವರಿಗೆ ಅದರ ಬೆಲೆ ಗೊತ್ತು.

ಇನ್ನು ರಸ್ತೆ. ಇದು ಸೈಕಲ್ಲಿಗಾಗಿ ಮಾಡಿದ್ದಲ್ಲ, ಫಿರಂಗಿಗಾಗಿ ಮಾಡಿದ್ದು. ಇಟಲಿ ಒಂದು ರಾಜ್ಯವಾಗಿ ಕೂಡಿಕೊಂಡದ್ದು 1861ರಲ್ಲಿ. 1882ರಲ್ಲಿ ಅದು ಜರ್ಮನಿ, ಆಸ್ಟ್ರಿಯಾಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಆಗಿನಿಂದ ಪಕ್ಕದ ಫ್ರಾನ್ಸಿನ ಮೇಲೆ ಸಂಶಯ. ಗಡಿಯ ಬೆಟ್ಟಗಳ ಮೇಲೆಲ್ಲ ಕೋಟೆ, ಠಾಣೆ, ಅವುಗಳಿಗೆ ಹೋಗಲು ರಸ್ತೆ. ಹೇಸರಗತ್ತೆ ಫಿರಂಗಿಯನ್ನು ಎಳೆದುಕೊಂಡು ಹತ್ತಬೇಕು. ಆದುದರಿಂದ ರಸ್ತೆ ಕಟ್ಟಿದವರು ಏರನ್ನು ಹದವಾಗಿ ಇಟ್ಟರು. ಬೆಟ್ಟ ಕಡಿದಾದ ಕಡೆ ಸುತ್ತು ಹಾಕಿಸಿದರು. ಯುದ್ಧ ಮುಗಿಯಿತು, ಫಿರಂಗಿ ಹೋಯಿತು, ರಸ್ತೆ ಉಳಿಯಿತು. ಹೇಸರಗತ್ತೆಗೆ ಹಿತವಾದ ಏರು ಸೈಕಲ್ ತುಳಿಯುವವನ ಮೊಣಕಾಲಿಗೂ ಹಿತವೇ. ಆಲ್ಪ್ಸಿನ ಈ ಭಾಗದಲ್ಲಿ ಇಂಥ ಸೈನಿಕ ರಸ್ತೆಗಳು ಹಲವು ಇವೆ. ದಕ್ಷಿಣಕ್ಕೆ ಹೋದರೆ ಉಪ್ಪಿನ ದಾರಿ ಎಂಬ ಇನ್ನೊಂದು ಪ್ರಸಿದ್ಧ ಜಲ್ಲಿ ರಸ್ತೆ. ಹಿಂದೆ ಸಮುದ್ರತೀರದ ಉಪ್ಪು ಆ ಬೆಟ್ಟಗಳನ್ನು ದಾಟಿಯೇ ಒಳನಾಡಿಗೆ ಬರುತ್ತಿತ್ತು. ಅಲ್ಲಿಯೂ ಕಾರು, ಮೋಟಾರು ಸೈಕಲ್ಲಿಗೆ ಟಿಕೆಟ್ಟು ಇಟ್ಟಿದ್ದಾರೆ, ವಾರದಲ್ಲಿ ಕೆಲವು ದಿನ ಬಿಡುವುದಿಲ್ಲ.

ನಾವು ಹೊರಟದ್ದು ಸೆಸ್ತ್ರಿಯೆರೆ ಎಂಬ ಊರಿನಿಂದ. 2,035 ಮೀಟರ್ ಎತ್ತರದ ಊರು. 2006ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಹಿಮದ ಮೇಲೆ ಜಾರುವ ಪಂದ್ಯಗಳು ಇಲ್ಲಿ ನಡೆದವು. ಬೇಸಿಗೆಯಲ್ಲಿ ಹಿಮವಿಲ್ಲ, ಅಂಗಡಿಯವರು ಸೈಕಲ್ ಬಾಡಿಗೆ ಕೊಡುತ್ತಾರೆ. ಅಳಿಯ ಜಲ್ಲಿ ಸೈಕಲ್ ತೆಗೆದುಕೊಂಡರು. ನನಗೆ ಅರವತ್ತು ದಾಟಿದ ಎಲುಬು ನೋಡಿ ಬ್ಯಾಟರಿಯ ಸೈಕಲ್ ಕೊಡಿಸಿದರು. ಮೋಟಾರು ಬಿಡದ ದಿನ ಮೋಟಾರಿನ ಸೈಕಲ್ಲೇ ಎಂದು ತಾವು ಕೇಳಬಹುದು. ನಾನೂ ಕೇಳಿದೆ. ಯೂರೋಪಿನ ಕಾಯಿದೆಯಲ್ಲಿ ಅದಕ್ಕೆ ಉತ್ತರವಿದೆ: ಮೋಟಾರು 250 ವಾಟಿಗಿಂತ ಹೆಚ್ಚಿರಬಾರದು, ಪೆಡಲು ತುಳಿದರೆ ಮಾತ್ರ ಸಹಾಯ ಮಾಡಬೇಕು, ಗಂಟೆಗೆ 25 ಕಿಲೋಮೀಟರು ಮುಟ್ಟಿದ ಕೂಡಲೇ ಸಹಾಯ ನಿಲ್ಲಬೇಕು. ಹಾಗಿದ್ದರೆ ಅದು ಸೈಕಲ್ಲೇ. ತುಳಿಯದೆ ಕೂತರೆ ಒಂದಂಗುಲವೂ ಮುಂದೆ ಹೋಗದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ನೀವು ಮಾರ್ಜಿನ್ ಹಣ ಹಾಕಿದರೆ ಮಾತ್ರ ಅದು ಸಾಲ ಕೊಡುತ್ತದೆ.

ಬೆಳಿಗ್ಗೆ 9 ಗಂಟೆ ಹೊಡೆದ ಮೇಲೆ ಆ ರಸ್ತೆಯಲ್ಲಿ ಆಗುವ ಬದಲಾವಣೆಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಧೂಳು ಕೂರುತ್ತದೆ. ಕಿವಿ ತೆರೆಯುತ್ತದೆ. ಮೊದಲು ಕೇಳಿಸಿದ್ದು ಟೈರಿನ ಕೆಳಗೆ ಜಲ್ಲಿ ಕಡಿಯುವ ಸದ್ದು. ಆಮೇಲೆ ಕೆಳಗಿನ ಹುಲ್ಲುಗಾವಲಿನಿಂದ ದನಗಳ ಕೊರಳಗಂಟೆ. ನಂತರ ಯಾರೋ ಪೋಲಿ ಹುಡುಗ ಸಿಳ್ಳೆ ಹೊಡೆದ ಹಾಗೆ ಒಂದು ಶಬ್ದ. ತಿರುಗಿ ನೋಡಿದರೆ ಯಾರೂ ಇಲ್ಲ. ಅಳಿಯ ಹೇಳಿದರು, "ಮಾವ, ಅದು ಮಾರ್ಮೊಟ್. ಬಿಲದ ಬಾಯಲ್ಲಿ ಕೂತು ತನ್ನವರಿಗೆ ಎಚ್ಚರಿಕೆ ಕೊಡುತ್ತಿದೆ." ಅಳಿಲಿನ ವಂಶದ್ದು, ಆದರೆ ಮೊಲಕ್ಕಿಂತ ದಪ್ಪ, ಚಳಿಗಾಲವೆಲ್ಲ ಬಿಲದಲ್ಲಿ ಮಲಗಿ ಕಳೆಯುತ್ತದಂತೆ.

ರಸ್ತೆಯ ಅತಿ ಎತ್ತರದ ಭಾಗ ಅಸ್ಸಿಯೆತ್ತದ ತಲೆ ಎಂಬ ಗುಡ್ಡದ ಸುತ್ತ. ಆ ಗುಡ್ಡದ ಎತ್ತರ 2,567 ಮೀಟರು. ನೀಲಗಿರಿಯ ಕೇಳುಗರಿಗೆ ಒಂದು ಅಳತೆ ಕೊಡುತ್ತೇನೆ: ನಮ್ಮ ದೊಡ್ಡಬೆಟ್ಟ 2,637 ಮೀಟರು. ಅಂದರೆ ದೊಡ್ಡಬೆಟ್ಟವೇ 70 ಮೀಟರು ಹೆಚ್ಚು! ಆದರೆ ದೊಡ್ಡಬೆಟ್ಟದಲ್ಲಿ ಹಿಮ ಬೀಳುವುದಿಲ್ಲ. ಅಲ್ಲಿ ಜೂನ್ ತಿಂಗಳಿನಲ್ಲೂ ನೆರಳಿನ ಕಡೆ ಹಿಮ ಕರಗದೆ ಬಿದ್ದಿರುತ್ತದೆ. ಅದಕ್ಕೇ ರಸ್ತೆ ವರ್ಷದಲ್ಲಿ ನಾಲ್ಕು ತಿಂಗಳು ತೆರೆದಿದ್ದರೆ ಹೆಚ್ಚು. ಎದುರಿಗೆ ಸೂಸಾ ಕಣಿವೆಯ ಆಚೆ ರೊಚ್ಚಮೆಲೋನೆ ಎಂಬ 3,538 ಮೀಟರಿನ ಶಿಖರ. ಪಡುವಣಕ್ಕೆ ಶಾಬೆರ್ತೊ ಎಂಬ 3,131 ಮೀಟರಿನ ಮೊನೆ. ಈ ಶಾಬೆರ್ತೊ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗುಡ್ಡದ ಮೇಲೆ ಒಂದು ಸ್ಮಾರಕಸ್ತಂಭವಿದೆ. 1747ನೇ ಇಸವಿ ಜುಲೈ 19ರಂದು ಫ್ರೆಂಚ್ ಸೈನ್ಯ ಈ ಬೆಟ್ಟ ಹತ್ತಿ ಬಂತು. ಮೇಲೆ ಕಲ್ಲುಗೋಡೆ ಕಟ್ಟಿಕೊಂಡು ಕಾದಿದ್ದ ಪಿಯೆಮೊಂತೆಯ ಸೈನಿಕರು ಅವರನ್ನು ಹೊಡೆದಟ್ಟಿದರು. ಒಂದೇ ಮಧ್ಯಾಹ್ನದಲ್ಲಿ ಸಾವಿರಾರು ಜನ ಬಿದ್ದರು. ಫ್ರೆಂಚರ ಸೇನಾಪತಿಯೂ ಅಲ್ಲೇ ಸತ್ತ. ಈಗ ಆ ಇಳಿಜಾರಿನಲ್ಲಿ ಹಸು ಮೇಯುತ್ತದೆ. ನೀಲಿ, ಹಳದಿ ಹೂ.

ಸ್ವಲ್ಪ ಮುಂದೆ ಇಳಿದರೆ ಅಸ್ಸಿಯೆತ್ತದ ಮನೆ ಎಂಬ ಬೆಟ್ಟದ ತಂಗುದಾಣ. ಅಲ್ಲಿ ಊಟಕ್ಕೆ ಕೂತೆವು. ಪೊಲೆಂತ ಬಂತು. ನೋಡಿದೊಡನೆ ನನಗೆ ಮನೆಗೆ ಬಂದಂತಾಯಿತು. ಮುಸುಕಿನ ಜೋಳದ ಹಿಟ್ಟನ್ನು ಕುದಿವ ನೀರಿಗೆ ಹಾಕಿ ತಿರುವಿ ತಿರುವಿ ಮಾಡಿದ ಮುದ್ದೆ, ಬೇರೇನೂ ಅಲ್ಲ. ನಾವು ರಾಗಿ ಮುದ್ದೆ ಎನ್ನುತ್ತೇವೆ, ತಮಿಳಿನವರು ಕಳಿ ಎನ್ನುತ್ತಾರೆ, ಅವರು ಪೊಲೆಂತ ಎನ್ನುತ್ತಾರೆ. ಉಪ್ಪೆಸರಿನ ಬದಲು ಮೇಲೆ ಚೀಸು ಕರಗಿಸಿ ಹಾಕುತ್ತಾರೆ. ಉಪ್ಪೆಸರು ಇದ್ದಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಸ್ವಂತ ಅಭಿಪ್ರಾಯ.

ಆ ಚೀಸನ್ನು ಮಾಡುವವರು ದನ ಮೇಯಿಸುವವರೇ. ಜೂನಿನಲ್ಲಿ ಹಿಮ ಕರಗಿದ ಮೇಲೆ ಹಟ್ಟಿ ಸಮೇತ ಮೇಲೆ ಬರುತ್ತಾರೆ, ಸೆಪ್ಟೆಂಬರ್ ಕೊನೆಗೆ ಇಳಿಯುತ್ತಾರೆ. ಈ ಕಿಸೋನೆ ಕಣಿವೆಯಲ್ಲಿ ಪ್ಲೆಸೆಂತಿಫ್ ಎಂಬ ಒಂದು ಚೀಸು ಹೆಸರುವಾಸಿ. ಜೂನ್ ತಿಂಗಳಿನಲ್ಲಿ, ಹುಲ್ಲುಗಾವಲಿನಲ್ಲಿ ನೇರಳೆ ಬಣ್ಣದ ವಯೊಲೆಟ್ ಹೂ ಬಿಟ್ಟಿರುವಾಗ ಕರೆದ ಹಾಲಿನಿಂದ ಮಾತ್ರ ಅದನ್ನು ಮಾಡುತ್ತಾರೆ. ಹೂವಿನ ಚೀಸು ಎಂದೇ ಹೆಸರು.

ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಗಡಿಯವರಾದ ನಮಗೆ ತಟ್ಟುವ ವಿಷಯ ಇದು. ನನ್ನ ಮಗಳಿಗೆ ಇಟಲಿಯ ಭಾಷೆ ಚೆನ್ನಾಗಿ ಬರುತ್ತದೆ. ಆದರೆ ತಂಗುದಾಣದ ಹೊರಗೆ ಕೂತಿದ್ದ ಇಬ್ಬರು ಮುದುಕರು ಆಡುತ್ತಿದ್ದ ಮಾತು ಅವಳಿಗೆ ಅರ್ಥವಾಗಲಿಲ್ಲ. ಕೇಳಿದಾಗ ಗೊತ್ತಾಯಿತು, ಅದು ಒಕ್ಸಿತಾನ್ ಎಂಬ ಬೇರೆಯೇ ಭಾಷೆ. ಮುಖ್ಯವಾಗಿ ದಕ್ಷಿಣ ಫ್ರಾನ್ಸಿನದು. ಗಡಿಯ ಈಚೆ ಹೇಗೆ ಬಂತು? ಅದು ಬರಲಿಲ್ಲ, ಗಡಿ ಬಂತು. 1343ರಲ್ಲಿ ಈ ಬೆಟ್ಟದ ಐದು ಸೀಮೆಗಳ ಜನ ತಮ್ಮ ದೊರೆಗೆ ಹಣ ಕಟ್ಟಿ, ತಮ್ಮ ಊರಿನ ಆಡಳಿತವನ್ನು ತಾವೇ ನಡೆಸುವ ಹಕ್ಕುಪತ್ರ ಪಡೆದಿದ್ದರು. ಬೆಟ್ಟದ ಎರಡೂ ಕಡೆ ಒಂದೇ ಜನ, ಒಂದೇ ಮಾತು. 1713ರಲ್ಲಿ ದೂರದ ಉಟ್ರೆಕ್ಟ್ ಎಂಬಲ್ಲಿ ದೊರೆಗಳ ನಡುವೆ ಒಡಂಬಡಿಕೆಯಾಯಿತು. ನೀರು ಯಾವ ಕಡೆ ಹರಿಯುತ್ತದೋ ಆ ಕಡೆಯವರದು ಎಂದು ಬೆಟ್ಟದ ನೆತ್ತಿಯ ಮೇಲೆ ಗೆರೆ ಎಳೆದರು. ಮೂರು ಸೀಮೆ ಈಚೆಗೆ, ಎರಡು ಆಚೆಗೆ.

ತಮಗೆ ನೆನಪಿರಬಹುದು, 1956ರಲ್ಲಿ ಭಾಷಾವಾರು ಪ್ರಾಂತ ಆದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಹೋಯಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ನಮ್ಮ ಮನೆಗಳಲ್ಲಿ ಹೆಣ್ಣು ಕೊಟ್ಟು ತಂದ ಊರುಗಳಿಗೆ ಆ ದಿನದಿಂದ ಬೇರೆ ರಾಜ್ಯವೆಂದು ಹೆಸರಾಯಿತು. ಆದರೂ ನಮ್ಮದು ಒಂದೇ ದೇಶ, ನಡುವೆ ಫಿರಂಗಿಯ ರಸ್ತೆ ಕಟ್ಟಲಿಲ್ಲ. ಅಲ್ಲಿಯವರಿಗೆ ಅದೂ ಆಯಿತು. ಆ ಶಾಬೆರ್ತೊ ಶಿಖರ ಎಂದೆನಲ್ಲ, ಅದರ ನೆತ್ತಿಯ ಮೇಲೆ ಇಟಲಿಯವರು ಎಂಟು ಗೋಪುರಗಳ ಕೋಟೆ ಕಟ್ಟಿ ಫಿರಂಗಿ ಇಟ್ಟಿದ್ದರು. 1940ರ ಜೂನಿನಲ್ಲಿ ಫ್ರೆಂಚರು ಕೆಳಗಿನಿಂದ ಗುಂಡು ಹೊಡೆದು ಅದನ್ನು ಕೆಡವಿದರು. 1947ರ ಒಪ್ಪಂದದಲ್ಲಿ ಶಿಖರವೇ ಫ್ರಾನ್ಸಿಗೆ ಹೋಯಿತು. ಗೆರೆ ಮತ್ತೊಮ್ಮೆ ಸರಿಯಿತು.

ಮುಸೊಲಿನಿಯ ಕಾಲದಲ್ಲಿ ಊರಿನ ಹೆಸರುಗಳನ್ನೂ ಬಿಡಲಿಲ್ಲ. ಉಲ್ಕ್ಸ್ ಎಂಬ ಊರು ಉಲ್ಜಿಯೊ ಆಯಿತು, ಸಾಲ್ಬೆರ್ತ್ರಾ ಎಂಬುದು ಸಾಲಬೆರ್ತಾನೊ ಆಯಿತು. ಯುದ್ಧ ಮುಗಿದ ಮೇಲೆ ಹಳೆಯ ಹೆಸರು ತಿರುಗಿ ಬಂದವು. ಕಡೆಗೆ 1999ರಲ್ಲಿ ಇಟಲಿ 482ನೇ ನಂಬರಿನ ಕಾಯಿದೆ ಮಾಡಿ 12 ಅಲ್ಪಸಂಖ್ಯಾತ ಭಾಷೆಗಳನ್ನು ರಕ್ಷಿಸಬೇಕೆಂದು ಒಪ್ಪಿಕೊಂಡಿತು. ಒಕ್ಸಿತಾನ್ ಅದರಲ್ಲಿ ಒಂದು. ಕಾಯಿದೆ ಬರುವ ಹೊತ್ತಿಗೆ ಮಾತನಾಡುವವರು ಎಷ್ಟು ಉಳಿದಿದ್ದರು ಎಂಬುದು ಬೇರೆ ಪ್ರಶ್ನೆ. ಬೆಟ್ಟದ ಹಳ್ಳಿಗಳ ಗಂಡಾಳುಗಳು ತೊರಿನೊದ ಕಾರ್ಖಾನೆಗೆ ಇಳಿದುಹೋಗಿ ಬಹಳ ಕಾಲವಾಯಿತು. ಬಾಗಿಲು ಹಾಕಿದ ಕಲ್ಲಿನ ಮನೆಗಳನ್ನು ದಾರಿಯಲ್ಲಿ ನಾನೇ ಎಣಿಸಿದೆ, ಅರ್ಧಕ್ಕೆ ಬಿಟ್ಟೆ.

ಈಗ ಈ ಸೈಕಲ್ಲಿನವರಿಂದ ಆ ಹಳ್ಳಿಗಳಿಗೆ ಏನು ಲಾಭ ಎಂದು ತಾವು ಕೇಳಬೇಕು. ಲೆಕ್ಕ ಹಾಕಿದರೆ ದೊಡ್ಡ ಮೊತ್ತವಲ್ಲ. ತಂಗುದಾಣದಲ್ಲಿ ಒಂದು ರಾತ್ರಿ, ಎರಡು ಊಟ, ಒಂದು ತುಂಡು ಚೀಸು, ಸೈಕಲ್ ಬಾಡಿಗೆ. ಆದರೆ ಕಾರಿನವನು ತೊರಿನೊದಿಂದ ಬಂದು ಬೆಟ್ಟ ಸುತ್ತಿ ರಾತ್ರಿ ಊಟಕ್ಕೆ ತೊರಿನೊ ಸೇರಬಲ್ಲ. ಸೈಕಲ್ಲಿನವನಿಗೆ ಹಸಿವೆ, ಆಯಾಸ ಎರಡೂ ಇರುವುದರಿಂದ ಅವನು ಅಲ್ಲೇ ಇಳಿದು ದುಡ್ಡು ಬಿಚ್ಚುತ್ತಾನೆ. ಈ ಮಾತನ್ನು ನನಗೆ ಹೇಳಿದವರು ಆ ಇಬ್ಬರು ಮುದುಕರಲ್ಲಿ ಒಬ್ಬರು. ಇನ್ನೊಬ್ಬರು ಒಪ್ಪಲಿಲ್ಲ. "ಮೋಟಾರು ಸೈಕಲ್ಲಿನ ಜರ್ಮನರು ಬಂದರೆ ಬಿಯರೂ ಕುಡಿಯುತ್ತಾರೆ, ಉಳಿದೂಕೊಳ್ಳುತ್ತಾರೆ. ಬುಧವಾರ ಅವರನ್ನು ತಡೆದು ಯಾರಿಗೆ ಲಾಭ?" ಎಂದರು. ನಿಜವೇ. ಇಷ್ಟು ಉದ್ದದ, ಇಷ್ಟು ಎತ್ತರದ ಜಲ್ಲಿ ರಸ್ತೆ ಯೂರೋಪಿನಲ್ಲಿ ಅಪರೂಪ, ಅದಕ್ಕಾಗಿ ದೂರದೂರದಿಂದ ಮೋಟಾರು ಸೈಕಲ್ಲುಗಳು ಬರುತ್ತವೆ. ಆದರೆ ಚಕ್ರ ರಭಸವಾಗಿ ತಿರುಗಿದಂತೆ ಜಲ್ಲಿ ಕಿತ್ತು ರಸ್ತೆ ಅಲೆಅಲೆಯಾಗಿ ಏಳುತ್ತದೆ. ಧೂಳು ಹುಲ್ಲಿನ ಮೇಲೆ ಕೂರುತ್ತದೆ, ಆ ಹುಲ್ಲನ್ನು ಹಸು ಮೂಸಿ ಬಿಡುತ್ತದೆ. ಉಳಿದ ದಿನಗಳಲ್ಲೂ ಗಂಟೆಗೆ 30 ಕಿಲೋಮೀಟರು ಮೀರಬಾರದೆಂಬ ಬೋರ್ಡು ಇದೆ. ವಾರಕ್ಕೆ ಐದು ದಿನ ಅವರಿಗೆ, ಎರಡು ದಿನ ಇವರಿಗೆ ಎಂಬುದು ಇಬ್ಬರಿಗೂ ಪೂರ್ತಿ ಸಮಾಧಾನವಿಲ್ಲದ ಒಂದು ಒಪ್ಪಂದ. ನನಗೆ ಅದು ಸರಿಯೆನ್ನಿಸಿತು. ದನ ಸಾಕುವವನ ಹಳೆಯ ಜೀಪೊಂದು ಹಾಲಿನ ಕ್ಯಾನು ಹೇರಿಕೊಂಡು ಬುಧವಾರವೇ ನಮ್ಮ ಪಕ್ಕದಲ್ಲಿ ಹೋಯಿತು. ಯಾರೂ ತಡೆಯಲಿಲ್ಲ. ಅಲ್ಲೇ ಬದುಕುವವನಿಗೂ ನೋಡಲು ಬಂದವನಿಗೂ ಒಂದೇ ಗೇಟು ಹಾಕಬಾರದು ಎಂಬ ತಿಳಿವಳಿಕೆ ಅಲ್ಲಿದೆ.

ದಿಂಬಂ ವಿಷಯದಲ್ಲಿ ಜಗಳ ಎದ್ದದ್ದೂ ಇಲ್ಲಿಯೇ. ಹುಲಿ ಆನೆಗಳು ರಾತ್ರಿ ರಸ್ತೆ ದಾಟಬೇಕು, ಲಾರಿಗೆ ಸಿಕ್ಕಿ ಸಾಯಬಾರದು. ಅದನ್ನು ಅಲ್ಲವೆನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಎಲೆಕೋಸು ಬೆಳೆದವನಿಗೆ ಬೆಳಗಿನ ಮಾರುಕಟ್ಟೆ ತಪ್ಪಿದರೆ ಬೆಲೆ ತಪ್ಪಿತು, ಅದೂ ಸುಳ್ಳಲ್ಲ. ಬ್ಯಾಂಕಿನಲ್ಲಿ ಬೆಳೆ ಸಾಲದ ಕಂತಿನ ಮುಂದೆ ಕೂತವನು ನಾನು, ಒಂದು ದಿನ ತಪ್ಪಿದ ಮಾರುಕಟ್ಟೆ ಕಂತಿನ ಪುಸ್ತಕದಲ್ಲಿ ಹೇಗೆ ಕಾಣಿಸುತ್ತದೆ ಎಂದು ನೋಡಿದ್ದೇನೆ. ಆಲ್ಪ್ಸಿನಲ್ಲಿ ತಡೆ ಇರುವುದು ವಿಹಾರಕ್ಕೆ, ನಮ್ಮಲ್ಲಿ ಇರುವುದು ಪ್ರಾಣಿಯ ಪ್ರಾಣಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಒಂದು ಮಾತು ಮಾತ್ರ ಎರಡು ಕಡೆಗೂ ಹೊಂದುತ್ತದೆ: ದಿನ, ಗಂಟೆ, ಯಾರಿಗೆ ವಿನಾಯಿತಿ ಎಂಬುದನ್ನು ದೊಡ್ಡ ಅಕ್ಷರದಲ್ಲಿ, ಊರಿನವನ ಭಾಷೆಯಲ್ಲಿ ಬರೆದು ಹಾಕಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಪ್ರಾಣಿ ಎಂದಾಗ ನೆನಪಾಯಿತು. ಆ ಬೆಟ್ಟಗಳಲ್ಲಿ ತೋಳ ಪೂರ್ತಿ ಅಳಿದುಹೋಗಿತ್ತು. 1990ರ ದಶಕದಲ್ಲಿ ದಕ್ಷಿಣದ ಅಪೆನೈನ್ ಬೆಟ್ಟಗಳ ಕಡೆಯಿಂದ ತಾನಾಗಿಯೇ ನಡೆದುಕೊಂಡು ತಿರುಗಿ ಬಂತು. ಹಾಗಾಗಿ ಕುರಿಯವರು ದೊಡ್ಡ ಬಿಳಿಯ ಕಾವಲು ನಾಯಿಗಳನ್ನು ಇಟ್ಟುಕೊಂಡಿದ್ದಾರೆ. ಸೈಕಲ್ಲು ಅವಕ್ಕೆ ಓಡುವ ಪ್ರಾಣಿಯ ಹಾಗೆ ಕಾಣುತ್ತದೆ. ದಾರಿಯ ಬೋರ್ಡಿನಲ್ಲಿ ಚಿತ್ರ ಹಾಕಿ ಹೇಳಿದ್ದಾರೆ: ಸೈಕಲ್ಲಿನಿಂದ ಇಳಿಯಿರಿ, ನಾಯಿಗೂ ನಿಮಗೂ ನಡುವೆ ಸೈಕಲ್ ಇರಲಿ, ಕೂಗಬೇಡಿ, ಕೋಲು ಎತ್ತಬೇಡಿ, ಮಂದೆಯನ್ನು ಸುತ್ತಿಕೊಂಡು ನಡೆದು ಹೋಗಿ. ನಮಗೂ ಒಂದು ಮಂದೆ ಸಿಕ್ಕಿತು. ನಾಯಿ ಬಂದು ಚಕ್ರ ಮೂಸಿತು, ಅಳಿಯನ ಮುಖ ನೋಡಿತು, ಹೊರಟುಹೋಯಿತು. ಅಷ್ಟು ಹೊತ್ತು ಅಳಿಯ ಉಸಿರು ಬಿಟ್ಟರೋ ಇಲ್ಲವೋ ನಾನರಿಯೆ.

ರಸ್ತೆ ಮೂಡಣ ತುದಿಯಲ್ಲಿ ಇಳಿದು ಫಿನೆಸ್ತ್ರೆ ಕಣಿವೆಮಾರ್ಗದ ಹತ್ತಿರ ಸೇರುತ್ತದೆ. ಫಿನೆಸ್ತ್ರೆ ಎಂದರೆ ಕಿಟಕಿಗಳು. ಎರಡು ಕಣಿವೆಗಳ ನಡುವಿನ ಗೋಡೆಯಲ್ಲಿ ನಿಜವಾಗಿಯೂ ಕಿಟಕಿಯಂತೆಯೇ ಇದೆ, 2,178 ಮೀಟರಿನಲ್ಲಿ. ಕೆಳಗೆ ಫೆನೆಸ್ತ್ರೆಲ್ಲೆ ಎಂಬಲ್ಲಿ 1728ರಲ್ಲಿ ಶುರುಮಾಡಿ ಮುಂದಿನ ಶತಮಾನದವರೆಗೂ ಕಟ್ಟಿದ ಮಹಾ ಕೋಟೆ, ಬೆಟ್ಟದ ಮೈಮೇಲೆ ಮೂರು ಕಿಲೋಮೀಟರು ಉದ್ದ. ಅದರೊಳಗೆ ಮಾಡು ಹಾಕಿದ ಸುಮಾರು ನಾಲ್ಕು ಸಾವಿರ ಮೆಟ್ಟಿಲಿನ ದಾರಿ.

ಈ ಕಿಟಕಿಗೆ ಉತ್ತರದ ಸೂಸಾ ಪಟ್ಟಣದ ಕಡೆಯಿಂದ ಹತ್ತುವುದಾದರೆ 18.5 ಕಿಲೋಮೀಟರು. ಸರಾಸರಿ ನೂರಕ್ಕೆ ಒಂಬತ್ತು ಏರು. ನೂರಕ್ಕೆ ಒಂಬತ್ತು ಎಂದರೆ ನನ್ನಂಥವನಿಗೆ ಬಡ್ಡಿ ದರ ಎಂದೇ ಕೇಳಿಸುತ್ತದೆ. ಇಲ್ಲಿ ಅಸಲೂ ಕಾಲೇ, ಬಡ್ಡಿಯೂ ಕಾಲೇ. ಕಾಡಿನೊಳಗೆ ಒಂದರ ಮೇಲೊಂದು 29 ತಿರುವು. ನಮ್ಮ ದಿಂಬಂನಲ್ಲಿ 27 ಕೊಂಡೈ ಊಸಿ ವಳೈವು ಎಂದು ತಮಿಳಿನಲ್ಲಿ ಬೋರ್ಡು ನೋಡಿ ಬೆಳೆದವನು ನಾನು. ಎರಡು ಹೆಚ್ಚಿದ್ದದ್ದಕ್ಕೆ ಸ್ವಲ್ಪ ಬೇಸರವಾಯಿತು. ಕಾಡು ಮುಗಿದ ಮೇಲೆ ಕೊನೆಯ ಎಂಟು ಕಿಲೋಮೀಟರು ಡಾಂಬರಿಲ್ಲ, ಜಲ್ಲಿ.

ಇಟಲಿಯ ದೊಡ್ಡ ಸೈಕಲ್ ಪಂದ್ಯ ಜಿರೊ. ಅದು ಈ ಜಲ್ಲಿಯ ಮೇಲೆ ಮೊದಲು ಹಾದದ್ದು 2005ರಲ್ಲಿ. ಇಲ್ಲಿ ನಡೆದ ಒಂದು ಕಥೆಯನ್ನು ಹೇಳದೆ ಹೋದರೆ ಈ ಭಾಷಣ ಅಪೂರ್ಣ. 2018ರಲ್ಲಿ ಇಂಗ್ಲೆಂಡಿನ ಸೈಮನ್ ಯೇಟ್ಸ್ ಎಂಬ ಯುವಕ ಎರಡು ವಾರದ ಹತ್ತಿರ ಎಲ್ಲರಿಗಿಂತ ಮುಂದಿದ್ದ, ಮುಂದಿರುವವನು ತೊಡುವ ಗುಲಾಬಿ ಅಂಗಿ ಅವನ ಮೈಮೇಲಿತ್ತು. ಮುಗಿಯಲು ಮೂರೇ ದಿನ. ಮೇ 25ರಂದು ಈ ಬೆಟ್ಟ ಬಂತು. ಕ್ರಿಸ್ ಫ್ರೂಮ್ ಎಂಬ ಅನುಭವಿ ಜಲ್ಲಿಯ ಮೇಲೆ ಒಬ್ಬನೇ ಹೊರಟುಬಿಟ್ಟ, ಗುರಿ ಇನ್ನೂ 80 ಕಿಲೋಮೀಟರು ದೂರವಿರುವಾಗ! ಒಬ್ಬನೇ ಕೊನೆಯವರೆಗೆ ಹೋಗಿ ಗೆದ್ದ, ಆ ವರ್ಷದ ಪಂದ್ಯವನ್ನೂ ಗೆದ್ದ. ಯೇಟ್ಸನ ಕಾಲು ಈ ಏರಿನಲ್ಲಿ ಸೋತಿತು. ಅವನು ಆ ದಿನ ಗುರಿ ಮುಟ್ಟಿದ್ದು 38 ನಿಮಿಷಕ್ಕೂ ಹೆಚ್ಚು ತಡವಾಗಿ.

ಏಳು ವರ್ಷ ಕಳೆಯಿತು. 2025ರ ಮೇ 31. ಪಂದ್ಯ ಮುಗಿಯಲು ಎರಡು ದಿನವಿರುವಾಗ ಮತ್ತೆ ಅದೇ ಬೆಟ್ಟ. ಯೇಟ್ಸ್ ಮೂರನೆಯ ಸ್ಥಾನದಲ್ಲಿದ್ದ, 1 ನಿಮಿಷ 21 ಸೆಕೆಂಡು ಹಿಂದೆ. ಮೊದಲನೆಯವನು ಮೆಕ್ಸಿಕೋದ 21 ವರ್ಷದ ಹುಡುಗ ಡೆಲ್ ತೋರೊ, ಎರಡನೆಯವನು ಈಕ್ವೆಡಾರ್ ದೇಶದ ಕರಪಾಸ್. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ನೀನು ಎಳೆ, ನೀನು ಎಳೆ ಎಂದು ಕಾದರು. ಯೇಟ್ಸ್ ಕಾಯಲಿಲ್ಲ. ಕಿಟಕಿ ದಾಟಿ ಇಳಿದ, ಸೆಸ್ತ್ರಿಯೆರೆಗೆ ಹತ್ತಿದ. ಮಾರನೆಯ ದಿನ ರೋಮಿನಲ್ಲಿ ಪಂದ್ಯ ಮುಗಿದಾಗ ಲೆಕ್ಕದಲ್ಲಿ ಅವನು 3 ನಿಮಿಷ 56 ಸೆಕೆಂಡು ಮುಂದೆ. ಏಳು ವರ್ಷದ ಹಿಂದೆ ಅವನನ್ನು ಮುಳುಗಿಸಿದ ಬೆಟ್ಟದಲ್ಲೇ ಪಂದ್ಯ ಗೆದ್ದ. ನಾವು ಹೋದಾಗ ಆ ಜಲ್ಲಿಯ ಏರನ್ನು ಕಿಟಕಿಯಲ್ಲಿ ನಿಂತು ಕೆಳಗೆ ನೋಡಿದೆ. ತಿರುವಿನ ಕೆಳಗೆ ತಿರುವು, ಬಿಳಿಯ ದಾರ ಚೆಲ್ಲಿದ ಹಾಗೆ. ಒಬ್ಬ ಹೆಂಗಸು, ನನ್ನ ವಯಸ್ಸಿನವರೇ ಇರಬೇಕು, ಬ್ಯಾಟರಿಯೂ ಇಲ್ಲದ ಸೈಕಲ್ಲಿನಲ್ಲಿ ನಿಧಾನವಾಗಿ ಹತ್ತಿ ಬರುತ್ತಿದ್ದರು. ಮೇಲೆ ಬಂದವರು ಯಾರನ್ನೂ ನೋಡದೆ ಚೀಲದಿಂದ ಒಂದು ಸೇಬು ತೆಗೆದು ತಿಂದರು.

ತಮ್ಮ ಮಕ್ಕಳು ಮೊಮ್ಮಕ್ಕಳು ಆ ಕಡೆ ಇದ್ದರೆ, ತಾವು ಹೋಗುವುದಾದರೆ, ಇಷ್ಟು ತಿಳಿದಿರಲಿ. ತೊರಿನೊದಿಂದ ಉಲ್ಕ್ಸ್ ಊರಿಗೆ ರೈಲು ಇದೆ, ಸಾಧಾರಣ ಗಾಡಿಯಲ್ಲಿ ಸೈಕಲ್ಲನ್ನೂ ಹತ್ತಿಸಿಕೊಳ್ಳಬಹುದು. ಜುಲೈಗೆ ಮೊದಲು ಹೋದರೆ ಹಿಮ ದಾರಿ ಕಟ್ಟಿರಬಹುದು. ಬೆಳಿಗ್ಗೆ ಬೇಗ ಹೊರಡಬೇಕು. ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ಬರುವುದು ಅಲ್ಲಿ ಸಾಮಾನ್ಯ, ಬೆಟ್ಟದ ನೆತ್ತಿಯಲ್ಲಿ ನಿಲ್ಲಲು ಮರವೂ ಇಲ್ಲ. ಬಿಸಿಲಿದ್ದರೂ ಸ್ವೆಟರು ಚೀಲದಲ್ಲಿರಲಿ. ಇಳಿಯುವಾಗ ಎರಡು ಬ್ರೇಕನ್ನೂ ಹದವಾಗಿ ಹಿಡಿಯಿರಿ, ಮುಂದಿನದನ್ನು ಜಲ್ಲಿಯ ಮೇಲೆ ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ತಡೆಯ ದಿನ, ಗಂಟೆಗಳನ್ನು ಪ್ರತಿ ವರ್ಷ ಹೊಸದಾಗಿ ಪ್ರಕಟಿಸುತ್ತಾರೆ, ಅದನ್ನು ಊರಿನಲ್ಲಿ ವಿಚಾರಿಸಿಯೇ ಹತ್ತಿರಿ. ದಾರಿಯಲ್ಲಿ ದನದ ಗೇಟು ಸಿಕ್ಕರೆ ತೆರೆದು, ದಾಟಿ, ತಿರುಗಿ ಮುಚ್ಚಿ ಹೋಗಿ.